ಪರಬಾಯಿಗೆ ಒಂದು ವಾಟಗ ನೀರು

ಬೆಟಗೇರಿ,
ಫೆಬ್ರವರಿ ೩೦, ೨೨೧೪

ನನ್ನ ಮುತ್ತಜ್ಜಿಯರ ಮುತ್ತಜ್ಜಿಯರೇ,

ತಾರೀಖು ತಪ್ಪಿಲ್ಲ. ಬಿಲ್ಲಿನ ಲೆಕ್ಕ ಎಲ್ಲ ತಿಂಗಳಿಗೂ ಸಮನಾಗಲೆಂದು ನೀರಿನ ಕಂಪನಿಯೇ ಫೆಬ್ರವರಿಗೆ ಮೂವತ್ತು ದಿನ ಮಾಡಿದೆ. ಸೂರ್ಯ ಚಂದ್ರರೇನೂ ತಕರಾರು ತೆಗೆಯಲಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಾಳೆ ನಿಮ್ಮ ಕಾಲದ ವಾರ್ಡ್ ಸಭೆಯಲ್ಲಿ ಊರಿನ ನೀರನ್ನು ಕಂಪನಿಗೆ ಒಪ್ಪಿಸುವ ಮಾತು ನಡೆಯಲಿದೆ ಎಂದು ಬಲ್ಲೆ. ಅರ್ಧ ಓಣಿ ಖಾಲಿ ಕೊಡ ಬಡಿದು ಬೇಡವೆನ್ನುತ್ತಿದೆ. ಇನ್ನರ್ಧ, ದಿನಾ ನೀರು ಬಂದರೆ ಸಾಕು, ಯಾರು ಬಿಟ್ಟರೇನು ಎನ್ನುತ್ತಿದೆ. ಹದಿನೈದು ದಿನಕ್ಕೊಮ್ಮೆ ನೀರು ಕಂಡವರನ್ನು ನಾನು ಬೈಯಲಾರೆ.

ಸುಳ್ಳು ಹೇಳುವುದಿಲ್ಲ, ನೀರು ಬಂತು. ಹಗಲೂ ರಾತ್ರಿಯೂ ಬರುತ್ತದೆ, ಕನ್ನಡಿಯಷ್ಟು ಸ್ವಚ್ಛ. ನಳದ ಮೇಲೆ ‘ಗುರುತುಗಣ್ಣು’ ಎಂಬ ಪುಟ್ಟ ಗಾಜು ಇದೆ. ಮನೆಯವರೆಂದು ಹೆಸರು ಬರೆಸಿದವರ ಮುಖ ಕಂಡರೆ ಮಾತ್ರ ನೀರು ಬಿಡುತ್ತದೆ, ಆ ನೀರು ಯಾರ ಬಾಯಿಗೆ ಹೋಯಿತೆಂದೂ ನೋಡುತ್ತಿರುತ್ತದೆ. ಉಳಿದವರೆಲ್ಲ ‘ಪರಬಾಯಿ’. ಪರಬಾಯಿಗೆ ನೀರು ಕೊಡುವುದು ನಮ್ಮಲ್ಲಿ ಕಳ್ಳತನ. ಬೀಗರು ಬಂದರೆ ಕುಂಡ್ರಿ ಎನ್ನುತ್ತೇವೆ. ಅವರು ತಮ್ಮ ಬಾಟಲಿ ತೆಗೆದು, ಗೋಡೆಯ ಕಡೆ ತಿರುಗಿ ಕುಡಿಯುತ್ತಾರೆ. ನಾವು ನೋಡದವರಂತೆ ಸೆರಗು ಸರಿಮಾಡಿಕೊಳ್ಳುತ್ತೇವೆ. ಮದುವೆಯಲ್ಲಿ ಹೋಳಿಗೆ ಬಡಿಸುತ್ತೇವೆ, ನೀರು ಬಡಿಸುವುದಿಲ್ಲ. ನನಗೆ ಇದು ಹೇಸಿಗೆ. ನನ್ನ ಮಗಳಿಗೆ ಇದೇ ಸಹಜ ಎನ್ನುವುದು ಇನ್ನೂ ದೊಡ್ಡ ಹೇಸಿಗೆ.

ಮೊನ್ನೆ ನಾನು ಮಗ್ಗ ಬಿಟ್ಟು ಏಳುವಾಗ ಪಕ್ಕದ ಮನೆಯ ಮಾಬೂಬಿ ಬಾಗಿಲಿಗೆ ಬಂದರು. ಕಂಪನಿಯವರ ಸಭೆಯಲ್ಲಿ ಎದುರು ಮಾತಾಡಿದ್ದಕ್ಕೆ ಅವರ ನಳ ಮುಚ್ಚಿದ್ದರು. ಎಂಬತ್ತು ದಾಟಿದ ಜೀವ, ತುಟಿ ಬಿರಿದಿತ್ತು.

“ದಾನವ್ವಾ, ಬಾಯಿ ಒಣಗೇತಿ. ಒಂದ್ ವಾಟಗಾ ನೀರ ಕೊಡವ್ವಾ,” ಎಂದರು.

ಕೊಟ್ಟೆ. ಗುರುತುಗಣ್ಣು ಕೆಂಪಗಾಯಿತು. ಆಗಲಿ ಎಂದು ಇನ್ನೊಂದು ವಾಟಗ ಕೊಟ್ಟೆ. ಸಂಜೆ ಕಂಪನಿಯ ಹುಡುಗ ಫೋನು ಮಾಡಿದ. ಪಾಪ, ನಮ್ಮೂರವನೇ.

“ತಿಳೀಲಾರದ ಕೊಟ್ನಿ ಅಂತ ಒಂದ್ ಮಾತ್ ಹೇಳ್ರಿ ಅಕ್ಕಾರ, ನಿಮ್ಮ ನಳ ಉಳೀತೈತಿ.”

“ತಿಳದಽ ಕೊಟ್ಟೀನಿ,” ಎಂದೆ. ಮಗಳು ನನ್ನ ಮುಖ ನೋಡಿದಳು. ನಳ ಹೋದರೆ ಅವಳ ಗಂಟಲೂ ಒಣಗುತ್ತದೆ, ಅದು ನನಗೆ ಗೊತ್ತು. ಹೆದರಿಕೆಯೂ ಇದೆ. ಆದರೂ ಆ ಮಾತು ನನ್ನ ಬಾಯಲ್ಲಿ ಬರುವುದಿಲ್ಲ.

ನಿಮ್ಮಲ್ಲಿ ಒಂದೇ ಬೇಡಿಕೆ. ನಾಳೆಯ ಸಭೆಯಲ್ಲಿ ದರ ಎಷ್ಟು, ಪೈಪು ಯಾವಾಗ ಎಂದು ಎಲ್ಲರೂ ಕೇಳುತ್ತಾರೆ, ಕೇಳಲಿ. ನೀವು ಎದ್ದು ನಿಂತು, ಮನೆಗೆ ಬಂದವರಿಗೆ ಈ ನೀರು ಕೊಡಬಹುದೇ ಎಂದು ಕೇಳಿ. ಉತ್ತರ ಬರುವವರೆಗೆ ಕೂರಬೇಡಿ. ಮೈಕು ಕಸಿದರೆ ಕೊಡ ಬಡಿಯಿರಿ.

ನನ್ನ ನಳ ಮುಚ್ಚಲು ಆ ಹುಡುಗ ಬೆಳಿಗ್ಗೆ ಬರುತ್ತಾನೆ, ಈ ಬಿಸಿಲಲ್ಲಿ ನಡೆದು. ಮುಚ್ಚುವ ಮೊದಲು ನೀರು ತುಂಬಿ ಅವನ ಕೈಗೇ ಕೊಡುವವಳಿದ್ದೇನೆ. ಕುಡಿದರೆ ಅವನೂ ಪರಬಾಯಿಯೇ, ತಪ್ಪು ಇಬ್ಬರದು. ಕುಡಿಯದಿದ್ದರೆ, ನನ್ನ ಮನೆಗೆ ಬಂದು ಬಾಯಾರಿ ಹೋದವನು ಅವನೊಬ್ಬನೇ ಆಗಲಿ.

ಇಂತಿ ನಿಮ್ಮ ಕುಡಿ,
ದಾನಮ್ಮ ಐಲಿ