ಬಲಗಡೆಯ ಬುಷ್ ಇನ್ನೂ ಗಟ್ಟಿ ಇದೆ

ಖಾಸಿಂ ಚಾಚಾ,

ಅಲ್ಲಿ ನಿಮ್ಮ ಕನ್ನಡಕ ಜೊತೆಗಿದೆಯೋ ಇಲ್ಲವೋ, ಅಕ್ಷರ ದೊಡ್ಡದಾಗಿಯೇ ಬರೆಯುತ್ತಿದ್ದೇನೆ. ಶರಣಪ್ಪನನ್ನು ನಾನು ಬಿಡಲಿಲ್ಲ. ಮೊದಲು ಅಷ್ಟು ಓದಿಕೊಳ್ಳಿ.

ಚೌಡಾಪುರದ ನಿಮ್ಮ ಅಂಗಡಿಯಲ್ಲಿ ನನ್ನ ಕಾರು ಕೊನೆಯ ಸಲ ನಿಂತ ದಿನ ನೆನಪಿದೆಯೇ? ಆಳಂದದ ಶಾಲೆಗೂ ಅಫಜಲಪುರದ ಮನೆಗೂ ಓಡಾಡಿ ಅದು ಚಕ್ಕಡಿಯಂತೆ ಕುಲುಕುತ್ತಿತ್ತು. ಶಾಕ್ ಅಬ್ಸಾರ್ಬರ್ ಹೋಗಿದೆ ಎಂದು ನಾನು ಹಟ ಹಿಡಿದೆ. ನೀವು ಕಾರಿನ ಮೂಲೆ ಒತ್ತಿ ಬಿಟ್ಟಿರಿ. ಒಮ್ಮೆ ಎದ್ದು ಸುಮ್ಮನಾಯಿತು. ಶಾಕ್ ಜೀವಂತ ಇದೆ ಎಂದು ನಕ್ಕು, ಕಾರಿನಡಿಯ ಗುಂಡಿಗೆ ಇಳಿದು, ಚಕ್ರ ಹಿಡಿದಿರುವ ಕೆಳಗಿನ ತೋಳನ್ನು ಸಲಾಕೆಯಿಂದ ಮೀಟಿ, ಅದರ ಬುಡದ ರಬ್ಬರ್ ಬುಷ್ ಬಿರಿದದ್ದನ್ನು ನನ್ನನ್ನೂ ಬಗ್ಗಿಸಿ ತೋರಿಸಿದಿರಿ. ಎರಡೂ ಕಡೆ ಹೊಸದು ಹಾಕಿದಿರಿ. ಕಾರು ಜಾಕಿನಿಂದ ಇಳಿದರೂ ನೀವು ತಕ್ಷಣ ಬೋಲ್ಟ್ ಬಿಗಿಯಲಿಲ್ಲ. ಚಹಾ ಕುಡಿಯುತ್ತಿದ್ದ ಇಬ್ಬರನ್ನು ಹಿಂದೆ, ನನ್ನನ್ನು ಮುಂದೆ ಕೂರಿಸಿದಿರಿ.

“ಕೂಡ್ರಿ ಟೀಚರಮ್ಮ. ಭಾರ ಹೊತ್ತಾಗ ಬಿಗೀಬೇಕು. ಗಾಲಿ ಜೋತಾಡೋವಾಗ ಬಿಗಿದ್ರ ರಬ್ಬರ್ ತಿರುಚಿಕೊಂಡೇ ನಿಲ್ತದ, ನಾಕ ತಿಂಗಳಿನ್ಯಾಗ ಹರೀತದ.”

“ಕೂಡಿಸಿದ್ದೇನೋ ಆತು ಚಾಚಾ, ಗಾಣಗಾಪುರಕ್ಕರ ಬಿಡ್ತೀರೇನು?” ಎಂದು ಹಿಂದಿನವರಲ್ಲೊಬ್ಬ ಕೇಳಿದ್ದ.

ಹಾಗೆಯೇ ಭಾರಕ್ಕೆಂದು ಹಿಂದಿನ ಸೀಟಿನಲ್ಲಿ ಶರಣಪ್ಪನನ್ನು ನೀವು ಎಷ್ಟು ಸಲ ಕೂರಿಸಿರಲಿಲ್ಲ? ನಿಮ್ಮಲ್ಲೇ ಕೆಲಸ ಕಲಿತು, ಜೇವರ್ಗಿಯಲ್ಲಿ ಕಾರು ಎತ್ತುವ ಲಿಫ್ಟ್ ಇರುವ ದೊಡ್ಡ ಗ್ಯಾರೇಜು ಹಾಕಿದ. ಮುಂದೆ ಒಮ್ಮೆ ಕೊಳಕೂರಿಗೆ ಹೋಗುವಾಗ ನನ್ನ ಕಾರಿನ ಎಡಗಡೆ ಆಕ್ಸಲ್‌ನ ರಬ್ಬರ್ ಕವಚ ಹರಿಯಿತು. ಹತ್ತಿರವೆಂದು ಅವನಲ್ಲಿ ಬಿಟ್ಟೆ. ಆ ಕಡೆಯ ತೋಳು ಬಿಚ್ಚಿ ಮತ್ತೆ ಕೂಡಿಸಿದ. ನಾಲ್ಕು ತಿಂಗಳಲ್ಲಿ ಎಡಗಡೆ ಟಕ್ ಟಕ್ ಶುರುವಾಯಿತು. ನೀವು ಹಾಕಿದ್ದ ಆ ಬುಷ್ ಹರಿದದ್ದನ್ನು ಎತ್ತಿ ಹಿಡಿದು, ಹತ್ತು ಜನರ ಎದುರು ಹೇಳಿದ: “ಮುದುಕನ ಕೈ ನಡಗ್ತಾವ್ರಿ ಮೇಡಂ. ಇನ್ನರ ಮನಿಯಾಗ ಕೂಡ್ಲಿ.”

ನಾನು ತಲೆಯಾಡಿಸಿದೆ ಚಾಚಾ. ಅಷ್ಟೇ ಅಲ್ಲ, ಆಳಂದದ ಸ್ಟಾಫ್ ರೂಮಿನಲ್ಲಿ ಅದನ್ನೇ ಹೇಳಿದೆ. ಮೇಷ್ಟ್ರುಗಳ ಕಾರು ನಿಮ್ಮಲ್ಲಿಗೆ ಬರುವುದು ನಿಂತಿತು, ಆಮೇಲೆ ಬಾಡಿಗೆ ಗಾಡಿಗಳೂ. ಶಟರ್ ಎಳೆದ ಮೇಲೆ ನೀವು ಒಂದು ವರ್ಷವಾದರೂ...

ಅವನು ಹಾಕಿದ ಎಡಗಡೆಯ ಬುಷ್ ಮತ್ತೆ ಹರಿದ ದಿನ ನನಗೆ ಹೊಳೆಯಿತು. ಬಲಗಡೆಯದು ಯಾಕೆ ಹರಿದಿಲ್ಲ? ಅದೇ ದಿನ, ಅದೇ ನಡುಗುವ ಕೈ ಹಾಕಿದ್ದಲ್ಲವೇ? ಜೇವರ್ಗಿಗೆ ಹೋಗಿ ಕುರ್ಚಿ ಎಳೆದುಕೊಂಡು ಕುಳಿತು ನೋಡಿದೆ. ಕಾರು ಲಿಫ್ಟಿನ ಮೇಲೆ, ಚಕ್ರ ಜೋತಾಡುತ್ತಿದೆ, ಶರಣಪ್ಪ ಬೋಲ್ಟ್ ಬಿಗಿಯುತ್ತಿದ್ದಾನೆ. ಕಲಿಯದೆ ಮಾಡಿದ ತಪ್ಪಾಗಿದ್ದರೆ ಕ್ಷಮಿಸುತ್ತಿದ್ದೆ. ಕಲಿತವನು ಅವನು. ಇಳಿಸಿ, ಮಂದಿ ಕೂರಿಸಿ, ನೆಲದ ಮೇಲೆ ಮಲಗಿ ಬಿಗಿಯಲು ಬೇಸರ, ಅಷ್ಟೇ.

 ಆಮೇಲೆ ಯಾರೋ ಬಿಚ್ಚಿದರು ಅನ್ನಬಾರದೆಂದು ಎರಡೂ ಕಡೆಯ ಬೋಲ್ಟಿಗೆ ಮಗಳ ಉಗುರು ಬಣ್ಣ ಹಚ್ಚಿದೆ. “ಕಾರಿಂದು ಮದಿವಿ ಏನ್ರಿ ಮೇಡಂ?” ಎಂದು ನಕ್ಕ. “ಹೌದಪ, ಬೀಗರನ್ನ ಕರಕೊಂಡು ಬರ್ತೇನಿ” ಎಂದೆ.

ಐದು ತಿಂಗಳು ಮಟಕಿ ರಸ್ತೆಯ ತಗ್ಗುಗಳನ್ನು ಹುಡುಕಿಕೊಂಡು ಹೋಗಿ ಓಡಿಸಿದೆ. ಆಮೇಲೆ ಸಂತೆಯ ದಿನ, ಗ್ಯಾರೇಜು ಡ್ರೈವರುಗಳಿಂದ ತುಂಬಿದ್ದಾಗ, ಆವತ್ತು ಚಹಾ ಕುಡಿಯುತ್ತಿದ್ದ ಆ ಇಬ್ಬರನ್ನೂ ಕರೆದೊಯ್ದೆ. ಕಾರು ಎತ್ತಿಸಿದೆ. ಎರಡೂ ಕಡೆ ಬಣ್ಣ ಬಿರುಕು ಬಿಟ್ಟಿರಲಿಲ್ಲ. ಎಡಗಡೆಯ ಅವನ ಐದು ತಿಂಗಳ ರಬ್ಬರ್ ಹರಿದಿತ್ತು. ಬಲಗಡೆಯ ನಿಮ್ಮದು, ವರ್ಷಗಳು ಕಳೆದರೂ, ಸಲಾಕೆಗೆ ಜಗ್ಗಲಿಲ್ಲ.

“ಯಾರ ಕೈ ನಡಗ್ತಾವಪ ಶರಣಪ್ಪ?”

 ನಿಮ್ಮ ಚಹಾದ ಗೆಳೆಯರಲ್ಲೊಬ್ಬ ಮೆಲ್ಲಗೆ ಹೇಳಿದ: “ಇನ್ನರ ಮನಿಯಾಗ ಕೂಡ್ಲಿ ಬಿಡ್ರಿ.”

ಮಂದಿ ಕರಗಿದ ಮೇಲೆ ಶರಣಪ್ಪ, ಚಾಚಾನ ಗೋರಿಯ ಬಳಿ ತನ್ನ ಪರವಾಗಿ ಕ್ಷಮೆ ಬೇಡಿಕೊಳ್ಳಿ ಎಂದು ಕೈ ಮುಗಿದ. ಖಬರಸ್ತಾನದ ದಾರಿ ನಿನಗೂ ಗೊತ್ತಿದೆ ಎಂದೆ. ನನ್ನ ಪಾಲಿನ ತಪ್ಪನ್ನು ಆಳಂದದ ಅದೇ ಸ್ಟಾಫ್ ರೂಮಿನಲ್ಲಿ ನಿಂತು ಹೇಳಿ ಬಂದಿದ್ದೇನೆ. ಅದು ಸಾಲದು ಎಂದು ನನಗೂ ಗೊತ್ತು.

ಹರಿದ ಆ ಬುಷ್ಷನ್ನು ತಂತಿಗೆ ಪೋಣಿಸಿ ಅವನ ಗ್ಯಾರೇಜಿನ ಬಾಗಿಲಿಗೆ ನಾನೇ ಕಟ್ಟಿದ್ದೇನೆ. ಇದೇನು ಎಂದು ಕೇಳಿದವರಿಗೆಲ್ಲ ಅವನು ನಿಮ್ಮ ಹೆಸರು ಹೇಳಬೇಕು. ಜೇವರ್ಗಿ ದಾಟುವಾಗಲೆಲ್ಲ ನಿಂತು ನೋಡುತ್ತೇನೆ ಚಾಚಾ. ಅದು ಅಲ್ಲಿ ಕಾಣದ ದಿನ ಕಟ್ಟಲು, ಅವನ ಕೈಯಲ್ಲಿ ಹರಿದ ಇನ್ನೊಂದು ಬುಷ್ ನನ್ನ ಡಿಕ್ಕಿಯಲ್ಲೇ ಇದೆ.

ನಿಮ್ಮ ಟೀಚರಮ್ಮ