ಇಂಕಿನಲ್ಲಿ ಬರೆದ ಪುಟ

ಪ್ರೀತಿಯ ಮಾವ,

ಆಸ್ಪತ್ರೆಯಲ್ಲಿ ಆ ಮಧ್ಯಾಹ್ನ ನೀವು ಕೇಳಿದ್ದಕ್ಕೆ ನಾನು ಕೊಟ್ಟ ಉತ್ತರ ಸುಳ್ಳು. ಇಷ್ಟು ಹೇಳಲು ಎಂಟು ತಿಂಗಳು ಬೇಕಾಯಿತು. ನೀವು ಎದುರಿಗಿದ್ದಾಗಲೇ ನನಗೆ ಬೇಗ ಮಾತು ಬರುತ್ತಿರಲಿಲ್ಲ, ಗೊತ್ತಲ್ಲ.

ಎಂಟನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ನೀವು ನನ್ನನ್ನು ಮೊದಲ ಸಲ ಜಯನಗರದ ಮೈದಾನಕ್ಕೆ ಕರೆದುಕೊಂಡು ಹೋದಿರಿ. ಲೀಗ್ ಮ್ಯಾಚಿಗೆ ಬರಬೇಕಿದ್ದ ಎರಡನೇ ಸ್ಕೋರರ್ ಬಂದಿರಲಿಲ್ಲ. ನನ್ನನ್ನು ಶಾಮಿಯಾನದ ಕೆಳಗೆ ಕೂರಿಸಿ ಇನ್ನೊಂದು ಸ್ಕೋರ್ ಪುಸ್ತಕ ಕೊಟ್ಟಿರಿ. ಒಬ್ಬೊಬ್ಬ ಬೌಲರಿಗೆ ಒಂದೊಂದು ಬಣ್ಣದ ಪೆನ್ಸಿಲ್. ಓವರ್ ಮುಗಿದಾಗಲೆಲ್ಲ ನೀವು ನಿಮ್ಮದು ಓದುವುದು, ನಾನು ನನ್ನದು. "ಎರಡು ಪುಸ್ತಕಾನೂ ಒಂದೇ ಮಾತು ಹೇಳ್ಬೇಕು ಪುಟ್ಟಿ. ಒಬ್ಬರೇ ಬರೆದಿದ್ದು ಬರೀ ಕತೆ" ಅಂದಿದ್ದಿರಿ. ಕೊನೆಗೆ ಇಬ್ಬರ ಸಹಿ. ಯಾರ ಮುಖವನ್ನೂ ನೋಡದೆ ಇಡೀ ದಿನ ಜನರ ನಡುವೆ ಇರಬಹುದಾದ ಕೆಲಸವೊಂದು ಲೋಕದಲ್ಲಿದೆ ಎಂದು ನನಗೆ ತಿಳಿದದ್ದು ಅವತ್ತು.

ಬ್ಯಾಂಕಿನಿಂದ ನಿವೃತ್ತರಾದ ವಾರವೇ ನೀವು ದಪ್ಪ ರಟ್ಟಿನ ಹೊಸ ಪುಸ್ತಕ ತಂದಿರಿ. ಅದರಲ್ಲಿ ಸಣ್ಣ ತಂಡಗಳಿಗೆ ಮಾತ್ರ ಜಾಗ: ನೇಪಾಳ, ನಮೀಬಿಯಾ, ಉಗಾಂಡ. ಭಾರತದ ಮ್ಯಾಚಿನ ಲೆಕ್ಕ ಇಡಲು ಊರೆಲ್ಲ ಇದೆ ಅನ್ನುತ್ತಿದ್ದಿರಿ. ವೇಳಾಪಟ್ಟಿ ಬಂದ ದಿನವೇ ತಂಡಗಳ ಹೆಸರು, ಊರು, ತಾರೀಕು ಎಲ್ಲ ಇಂಕಿನಲ್ಲಿ ಬರೆದು ಪುಟ ಸಿದ್ಧ. ಆಮೇಲೆ ಆ ಪ್ರವಾಸ ಮುಂದಕ್ಕೆ ಹೋಗುವುದು, ಇನ್ನೂ ಮುಂದಕ್ಕೆ, ಕಡೆಗೆ ಯಾರೂ ಅದರ ಮಾತೇ ಎತ್ತದಿರುವುದು. ಪುಟ ಖಾಲಿ. ಸ್ಕೋರರ್ ಪುಟ ಹರಿಯುವಂತಿಲ್ಲ. ತಲೆಬರಹವನ್ನಾದರೂ ಪೆನ್ಸಿಲಿನಲ್ಲಿ ಬರೆಯಬಾರದಾ ಎಂದು ಒಮ್ಮೆ ಕೇಳಿದೆ. ನೀವು ಕನ್ನಡಕ ತೆಗೆದು ನನ್ನನ್ನೇ ನೋಡಿದಿರಿ. "ದೊಡ್ಡೋರದ್ದು ಇಂಕಲ್ಲಿ, ಸಣ್ಣೋರದ್ದು ಪೆನ್ಸಿಲಲ್ಲಾ?"

ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ನೀವು ನನಗೆ ಬಿಡಿಸಿ ಹೇಳಿದ್ದೂ ನೆನಪಿದೆ. ದೊಡ್ಡ ದೇಶಗಳು ಮೊದಲು ತಮ್ಮ ಲೀಗಿಗೆ ತಿಂಗಳುಗಟ್ಟಲೆ ಎತ್ತಿಟ್ಟುಕೊಳ್ಳುತ್ತವೆ. ಉಳಿದದ್ದರಲ್ಲಿ ದೊಡ್ಡವರು ದೊಡ್ಡವರ ಜೊತೆ. ನಡುವೆ ನಾಲ್ಕು ದಿನ ಸಂದಿ ಸಿಕ್ಕರೆ ಸಣ್ಣವರ ಪಾಲಿಗೆ, ಅದೂ ಯಾರಿಗೂ ಬೇರೆ ಕೆಲಸ ಬೀಳದಿದ್ದರೆ. "ಕೊನೇ ಪಂಕ್ತಿಗೆ ಎಲೆ ಹಾಕಿ ಕೂರಿಸ್ತಾರೆ. ಆಮೇಲೆ ಅಡಿಗೆ ಮುಗೀತು ಅಂತಾರೆ." ಆಡಲು ಬರುವುದಿಲ್ಲ ಎಂದು ಕರೆಯುವುದಿಲ್ಲ. ಕರೆಯದೆ ಆಡಲು ಬರುವುದಾದರೂ ಹೇಗೆ, ಮಾವ?

ನಾಲ್ಕನೇ ಬ್ಲಾಕಿನ ದರ್ಶಿನಿಯಲ್ಲಿ ದೋಸೆ ಹಾಕುವ ಪ್ರೇಮ್ ಅಣ್ಣ ನೇಪಾಳದವರು ಎಂದು ತಿಳಿದ ಮೇಲೆ ನಿಮ್ಮ ಕಾಫಿ ಎರಡಾಯಿತು. "ಸಾರ್, ನಿಮ್ಮೋರು ಆಡಿದವರ ಜೊತೇನೇ ಮತ್ತೆ ಮತ್ತೆ ಆಡ್ತಾರೆ, ಬೇಜಾರಾಗಲ್ವಾ?" ಎಂದು ಅವರು ಕೆಣಕುವುದು, ನೀವು ನಿಮ್ಮದೇ ತಪ್ಪೆಂಬಂತೆ ತಲೆ ತಗ್ಗಿಸುವುದು. ಅವರ ತಮ್ಮ ಸುಮನ್ ಎಡಗೈ ಸ್ಪಿನ್ನರ್. ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಮೊದಲ ಸಲ ದೇಶದ ತಂಡಕ್ಕೆ ಆಯ್ಕೆಯಾಗಿದ್ದ. ದೊಡ್ಡ ತಂಡವೊಂದು ಕಠ್ಮಂಡುವಿಗೆ ಬಂದು ಆಡುವುದಿತ್ತು, ಒಂದೇ ಒಂದು ಮ್ಯಾಚು. ನೀವು ಪುಟ ಸಿದ್ಧ ಮಾಡಿ, ಸುಮನ್ ಹೆಸರನ್ನೂ ಬರೆದು ಅದರ ಪಕ್ಕ ಹಸಿರು ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟಿರಿ. ಅವನ ಬಣ್ಣ ಅದು. ಅದಾಗಿ ಹತ್ತು ದಿನಕ್ಕೆ ನಿಮ್ಮನ್ನು ಜೆ.ಪಿ. ನಗರದ ಆಸ್ಪತ್ರೆಗೆ ಸೇರಿಸಬೇಕಾಯಿತು.

ಮ್ಯಾಚಿನ ಹಿಂದಿನ ದಿನ ಬೆಳಿಗ್ಗೆ ನಿಮಗೆ ಇಡ್ಲಿ ಕಟ್ಟಿಸಿಕೊಳ್ಳಲು ಹೋಗಿದ್ದೆ. ಪ್ರೇಮ್ ಅಣ್ಣ ಕಾವಲಿಯಿಂದ ಕಣ್ಣೆತ್ತಲಿಲ್ಲ. "ಆಗಲ್ವಂತೆ ಮೇಡಂ. ಅವರ ಲೀಗ್ ಬೇಗ ಶುರುವಂತೆ. ಡೇಟ್ ಇಲ್ವಂತೆ." ಮಾರನೆಯ ಮಧ್ಯಾಹ್ನ ನೀವು ಮೂಗಿನ ನಳಿಕೆಯ ನಡುವೆ ಕೇಳಿದಿರಿ, ಮ್ಯಾಚ್ ಆಯ್ತಾ. ಆಯ್ತು ಅಂದೆ. ನಮ್ಮ ಹುಡುಗ? ಎರಡು ವಿಕೆಟ್ ಅಂದೆ. ಅಷ್ಟು ಸಲೀಸಾಗಿ ನನ್ನ ಬಾಯಿಂದ ಅದು ಹೇಗೆ ಬಂತೋ... ನೀವು ಕಣ್ಣು ಮುಚ್ಚಿಕೊಂಡೇ ನಕ್ಕಿರಿ. "ಪುಟ ತುಂಬ್ಸು. ಮನೆಗೆ ಬಂದು ತಾಳೆ ನೋಡ್ತೀನಿ."

ಬರಲಿಲ್ಲ.

ನಿಮ್ಮ ವೈಕುಂಠ ಸಮಾರಾಧನೆ ಮುಗಿದ ಮೇಲೆ ಹಸಿರು ಪೆನ್ಸಿಲ್ ಹಿಡಿದು ಆ ಪುಟದ ಮುಂದೆ ಕೂತಿದ್ದೆ. ಸಾಹಿತ್ಯ ಓದಿದವಳು, ಒಂದು ಇನ್ನಿಂಗ್ಸ್ ಕಟ್ಟುವುದು ಕಷ್ಟವಿರಲಿಲ್ಲ. ಯಾವ ಓವರಿನಲ್ಲಿ ಮೊದಲ ವಿಕೆಟ್ ಎಂಬುದನ್ನೂ ಯೋಚಿಸಿದ್ದೆ. ಆಮೇಲೆ, ಒಬ್ಬರೇ ಬರೆದದ್ದು... ಪೆನ್ಸಿಲ್ ಕೆಳಗಿಟ್ಟೆ.

ಕಳೆದ ಭಾನುವಾರ ಪುಸ್ತಕ ತೆಗೆದುಕೊಂಡು ದರ್ಶಿನಿಗೆ ಹೋದೆ. ಜನ ಕಡಿಮೆಯಾಗುವವರೆಗೆ ಕೈ ತೊಳೆಯುವ ಕಡೆ ನಿಂತಿದ್ದು, ಪ್ರೇಮ್ ಅಣ್ಣನಿಗೆ ಎಲ್ಲ ಹೇಳಿದೆ. ಅವರು ಕಾವಲಿಗೆ ನೀರು ಚಿಮುಕಿಸುತ್ತ, "ಎರಡು ಅಂದ್ರಾ? ಮೂರು ಅನ್ಬೇಕಿತ್ತು ಮೇಡಂ" ಅಂದರು. ಸುಮನ್ ಆಟ ಬಿಟ್ಟು ನಾಲ್ಕು ತಿಂಗಳಾಯಿತಂತೆ. ಈಗ ಕತಾರಿನ ಗೋದಾಮೊಂದರಲ್ಲಿ ಕೆಲಸ. ಅಲ್ಲಿ ಶುಕ್ರವಾರ ರಜೆ ಸಿಕ್ಕರೆ ಬೌಲ್ ಮಾಡುತ್ತಾನಂತೆ, ಯಾರಿಗೋ, ಎಲ್ಲೋ. ಅದನ್ನು ಯಾರೂ ಬರೆದಿಡುವುದಿಲ್ಲ.

ಆ ಪುಟದ ಕೊನೆಯ ಸಾಲಿನಲ್ಲಿ ಹೀಗೆ ಬರೆದೆ: ಪಂದ್ಯ ನಡೆಯಲಿಲ್ಲ, ಎದುರಾಳಿಗೆ ದಿನವಿರಲಿಲ್ಲ. ಸಹಿ ಹಾಕಿದೆ. ಪ್ರೇಮ್ ಅಣ್ಣ ಕೈ ಒರೆಸಿಕೊಂಡು, ಎರಡನೇ ಸ್ಕೋರರ್ ಜಾಗದಲ್ಲಿ ತಮ್ಮ ಲಿಪಿಯಲ್ಲಿ ನಿಧಾನವಾಗಿ ಹೆಸರು ಬರೆದರು. ಹಸಿರು ಚುಕ್ಕೆಯನ್ನು ಇಬ್ಬರೂ ಅಳಿಸಲಿಲ್ಲ.

ಹೊಸ ವೇಳಾಪಟ್ಟಿ ಬಂದಿದೆ ಮಾವ. ಅದೇ ದೊಡ್ಡ ತಂಡ, ಅದೇ ಕಠ್ಮಂಡು, ಮತ್ತೆ ಒಂದೇ ಮ್ಯಾಚು. ಆಗುತ್ತದೋ ಇಲ್ಲವೋ. ಮುಂದಿನ ಪುಟದ ಮೇಲೆ ಎರಡೂ ತಂಡಗಳ ಹೆಸರು ಬರೆದಿಟ್ಟಿದ್ದೇನೆ, ಇಂಕಿನಲ್ಲೇ.

ನಿಮ್ಮ
ಪುಟ್ಟಿ