ಎಬ್ಬಿಸುವ ಕ್ರಮ

ಸೆಪ್ಟೆಂಬರ್ 26, ಶುಕ್ರವಾರ

ಬಂದ ತಕ್ಷಣ ಸರ್ವರ್ ರೂಮ್, ಎಂದಿನಂತೆ. ಎಸಿ ಸರಿ. ಸ್ಟೋರೇಜಿನ ಹನ್ನೆರಡು ಡಿಸ್ಕ್‌ಗಳಲ್ಲಿ ಒಂದರ ದೀಪ ಇನ್ನೂ ಹಳದಿ. ಹೊಸದು ಆರ್ಡರ್ ಆಗಿದೆ, ಬಂದಿಲ್ಲ. ಒಂದು ಹೋದರೆ ನಡೆಯುತ್ತದೆ. ಎರಡನೆಯದೂ ಹೋದರೆ ಇಷ್ಟು ವರ್ಷಗಳ ಸ್ಕ್ಯಾನ್ ಎಲ್ಲ ಹೋದಂತೆ.

ಚಹಾ ಅರ್ಧ ಕುಡಿದಿದ್ದೆ, ಸೂರ್ಯಕಾಂತ ಬಂದ. ಬೀದರ್ ಕಡೆಯವನು, ಕಟ್ಟಡದ ಕರೆಂಟು, ನೀರು, ಲಿಫ್ಟು ಎಲ್ಲ ಅವನದೇ.

“ಮೇಡಂ, ಮೇನ್ ಪ್ಯಾನಲ್ ಸುಟ್ಟ ವಾಸ್ನಿ ಹೊಡ್ಯಾಕತ್ತೈತಿ. ಬದಲ್ ಮಾಡ್ಲೇಬೇಕ್ರಿ. ಸನತ್‌ನಗರದಾಗ ಹೊಸಾದು ತಯಾರೈತಿ.”

ಜನರೇಟರ್, ಯುಪಿಎಸ್ ಎರಡೂ ಅದೇ ಪ್ಯಾನಲ್ ಮೂಲಕ. ಅಂದರೆ ಎಲ್ಲ ಆರಿಸಬೇಕು. ಹಣಮಂತರಾಯ ಡಾಕ್ಟರು ಆಯುಧ ಪೂಜೆಯ ದಿನ ಅಂತ ತೀರ್ಮಾನಿಸಿದರು. ಸ್ಕ್ಯಾನಿಂಗ್ ಸೆಂಟರ್ ಅವರದು, ಆ ದಿನ ಪೇಷಂಟುಗಳೂ ಕಡಿಮೆ.

ಈ ಸ್ಟೋರೇಜ್ ಆರು ವರ್ಷದಿಂದ ಒಮ್ಮೆಯೂ ನಿಂತಿಲ್ಲ. ಓಡುವ ಹಳೆಯ ಡಿಸ್ಕ್ ಓಡುತ್ತಲೇ ಇರುತ್ತದೆ. ನಿಂತಮೇಲೆ ಮತ್ತೆ ತಿರುಗುತ್ತದೋ ಇಲ್ಲವೋ, ಯಾರಿಗೆ ಗೊತ್ತು.

ಸೆಪ್ಟೆಂಬರ್ 27, ಶನಿವಾರ

ಆರಿಸುವ ಮುಂಚೆ ಬ್ಯಾಕಪ್ ನೋಡಿಬಿಡೋಣ ಅಂತ ಕೂತೆ. ಹೋದ ವರ್ಷದ ಸ್ಕ್ಯಾನ್ ತೆರೆಯಿತು. 2021, ಅದೂ. 2019 — ತೆರೆಯಲಿಲ್ಲ. ಹೆಸರು ಇದೆ, ಒಳಗೆ ಏನೂ ಇಲ್ಲ. ಅದಕ್ಕಿಂತ ಹಿಂದಿನವೂ ಹಾಗೆಯೇ.

ಎಸಿಯಲ್ಲಿ ಕೂತು ಬೆವತೆ.

ಡಾಕ್ಟರಿಗೆ ಹೇಳಿದೆ. ಸಿಟ್ಟು ಮಾಡಲಿಲ್ಲ, ಅದೇ ಕಷ್ಟವಾಯಿತು.

“ಅಂದ್ರ ಹಳೇವು ಒಂದೇ ಕಡೆ ಅದಾವು?”

“ಹೌದ್ರಿ. ಕಾಪಿ ಹಚ್ಚೀನಿ. ಬುಧವಾರದೊಳಗ ಪೂರಾ ಆಗೂದಿಲ್ಲ.”

“ಪ್ಯಾನಲ್ ಮುಂದಕ್ಕ ಹಾಕೂಣೇನು?”

“ಅದಕ್ಕ ಬೆಂಕಿ ಹತ್ತಿದ್ರ ಕಾಪೀನೂ ಇಲ್ಲ, ನಾವೂ ಇಲ್ಲರಿ.”

ನಕ್ಕರು. ನಾನೂ ನಕ್ಕೆ. ಹೀಗೆ ಹೇಳಿದ್ದು ಸರಿಯೋ? ಪ್ಯಾನಲ್ ಬುಧವಾರದಾಚೆ ಇನ್ನೂ ನಾಲ್ಕು ದಿನ ತಡೆಯುತ್ತಿತ್ತೋ ಏನೋ. ತಡೆಯದಿದ್ದರೆ?

ಸೆಪ್ಟೆಂಬರ್ 29, ಸೋಮವಾರ

ಕಾಪಿ ನಿಧಾನ. ಬೇಕೆಂದೇ ನಿಧಾನ ಮಾಡಿದ್ದೇನೆ. ಜೋರು ಓಡಿಸಿದರೆ ಹಳದಿ ಡಿಸ್ಕ್ ಕಟ್ ಕಟ್ ಅನ್ನುತ್ತದೆ. ಹಳೆಯದರಿಂದ ಶುರು ಮಾಡಿದ್ದು, 2017 ಮುಗಿಯಿತು.

ರಿಸೆಪ್ಷನ್ ಹುಡುಗಿಯರು ಬತುಕಮ್ಮಕ್ಕೆಂದು, ಇಲ್ಲಿಯ ಹೂವಿನ ಹಬ್ಬಕ್ಕೆ, ಬೇಗ ಹೋದರು. ಹೂವಿನ ವಾಸನೆ ಲಿಫ್ಟಿನಲ್ಲಿ ಉಳಿದಿತ್ತು.

ಮಧ್ಯಾಹ್ನ ಸಾವಿತ್ರಿಬಾಯಿ ಬಂದರು, ಡಾಕ್ಟರ ಹೆಂಡತಿ. ಪೂಜೆ ಪ್ರತಿ ವರ್ಷ ಅವರದೇ. ಆ ದಿನ ಯಂತ್ರಗಳಿಗೆಲ್ಲ ವಿಶ್ರಾಂತಿ ಕೊಡಬೇಕು, ಕುಂಕುಮ ಹಚ್ಚಿ, ಆರತಿ ಮಾಡಿ, ಆಮೇಲೆ ಅವರ ಕೈಯಿಂದಲೇ ಗುಂಡಿ ಒತ್ತಬೇಕು. ಎಕ್ಸ್‌ರೇ, ಸೋನೋಗ್ರಫಿ, ಕೊನೆಗೆ ನನ್ನ ರೂಮು. ಸ್ಟೋರೇಜ್ ಆರಿಸಲು ಆಗುವುದಿಲ್ಲ, ಹಾಗಾಗಿ ನಾನು ಮಾನಿಟರ್ ಮಾತ್ರ ಆರಿಸುತ್ತೇನೆ. ಅವರು ರ‍್ಯಾಕಿನ ಮೇಲಿನ ಯಂತ್ರದ ದೊಡ್ಡ ಗುಂಡಿಗೆ ಕುಂಕುಮ ಹಚ್ಚಿ ಬೆರಳು ತಾಗಿಸುತ್ತಾರೆ. ಓಡುವ ಯಂತ್ರದಲ್ಲಿ ಆ ಗುಂಡಿ ಬರೀ ತಾಗಿದರೆ ಕೆಲಸ ಮಾಡದಂತೆ ಸೆಟ್ ಮಾಡಿದ್ದೇನೆ, ಆರಿಸಬೇಕಾದರೆ ಒತ್ತಿ ಹಿಡಿಯಬೇಕು. ಅಷ್ಟರಲ್ಲಿ ನಾನು ಹಿಂದಿನಿಂದ ಮಾನಿಟರ್ ಹಚ್ಚುತ್ತೇನೆ. ಎಲ್ಲರಿಗೂ ಸಮಾಧಾನ.

“ಈ ಸಲ ಖರೇನ ಆರಿಸ್ತೀಯಂತಲ್ಲ, ನಲಿನಿ?” ಅಂದರು.

“ಪ್ರತಿ ವರ್ಷ ಆರಿಸ್ತೀನಲ್ಲರಿ ಅಮ್ಮಾರ.”

“ಹ್ಞೂಂ,” ಅಂದರು. ಅಷ್ಟೇ.

ಅಕ್ಟೋಬರ್ 1, ಬುಧವಾರ. ಬೆಳಿಗ್ಗೆ

2018 ಪೂರ್ತಿ ಬಂತು. 2019 ಮಾರ್ಚ್‌ವರೆಗೆ. ಅಲ್ಲಿಗೆ ನಿಲ್ಲಿಸಿದೆ.

ಮೊದಲು ಮೂರೂ ಮಹಡಿಯ ಕಂಪ್ಯೂಟರುಗಳು. ಯಾರೋ ರಿಪೋರ್ಟ್ ಅರ್ಧ ಟೈಪ್ ಮಾಡಿ ಹಾಗೆಯೇ ಬಿಟ್ಟು ಹೋಗಿದ್ದರು, ಸೇವ್ ಮಾಡಿದೆ. ನಂತರ ಸ್ಕ್ಯಾನ್ ತೋರಿಸುವ ಸರ್ವರ್. ನಂತರ ಡೇಟಾಬೇಸ್. ಬರೆಯುವುದೆಲ್ಲ ಬರೆದು ಮುಗಿಸಲಿ ಅಂತ ಕಾದೆ. ಕೊನೆಗೆ ಸ್ಟೋರೇಜ್. ಅದು ಎರಡು ಪೆಟ್ಟಿಗೆ. ಕೆಳಗಿನದರಲ್ಲಿ ಡಿಸ್ಕ್‌ಗಳು, ಮೇಲಿನದು ಅವುಗಳನ್ನು ನಡೆಸುವ ಕಂಟ್ರೋಲರ್, ಕುಂಕುಮದ ಗುಂಡಿ ಇರುವುದು ಅದಕ್ಕೇ. ಆರಿಸುವಾಗ ಮೇಲಿನದು ಮೊದಲು, ಎಬ್ಬಿಸುವಾಗ ಕೆಳಗಿನದು. ಕಂಟ್ರೋಲರ್ ಮೊದಲೇ ಎದ್ದುಬಿಟ್ಟರೆ ಮಲಗಿರುವ ಡಿಸ್ಕ್‌ಗಳನ್ನು ಸತ್ತವು ಅಂತಲೇ ತಿಳಿಯುತ್ತದೆ.

ಫ್ಯಾನು ನಿಂತವು. ಈ ರೂಮಿನಲ್ಲಿ ನನ್ನ ಉಸಿರು ಕೇಳಿಸಿದ್ದು ಇದೇ ಮೊದಲು.

ಅದೇ ದಿನ, ಮಧ್ಯಾಹ್ನ

ಹೊಸ ಪ್ಯಾನಲ್ ಕೂರಿಸುತ್ತಿದ್ದಾರೆ. ಸೂರ್ಯಕಾಂತ ಊಟದ ಡಬ್ಬಿ ತೆರೆದವನು ಮತ್ತೆ ಮುಚ್ಚಿಟ್ಟ.

“ಯಾಕ?”

“ಅವ್ವನ ಡಾಕ್ಟ್ರು ಮುಂಜಾನೆ ಫೋನ್ ಮಾಡಿದ್ರಿ. ಶುಕ್ರವಾರ ಆಪರೇಷನ್ ಇಟ್ಟಾರ.”

ಅವನ ತಾಯಿ ತುಳಸಾಬಾಯಿ. ತಲೆನೋವು ಅಂತ ಹೋದ ವಾರ ಬೇರೆ ಆಸ್ಪತ್ರೆಯಲ್ಲಿ ತೋರಿಸಿದ್ದು ಗೊತ್ತಿತ್ತು. ಇಷ್ಟು ಗೊತ್ತಿರಲಿಲ್ಲ.

“ತಲ್ಯಾಗ ಗಂಟು ಐತಂತ್ರಿ. ಹಿಂದೊಮ್ಮೆ ಬಿದ್ದಾಗ ಇಲ್ಲೇ ಸ್ಕ್ಯಾನ್ ಮಾಡ್ಸಿದ್ನಿ. ಆ ರಿಪೋರ್ಟಿನಾಗೂ ಸಣ್ಣ ಗಂಟು ಅಂತ ಬರದಾರ, ಎಷ್ಟು ಸಣ್ಣದು ಅಂತ ಇಲ್ಲ. ಆವಾಗಿಂದು ಈಗಿಂದು ಜೋಡಿಸಿ ನೋಡ್ಬೇಕಂತ. ಬೆಳದಿಲ್ಲಂದ್ರ ಹಂಗ ಬಿಡ್ತೀವಿ, ಚಿತ್ರ ಸಿಗಲಿಲ್ಲಂದ್ರ ತೆರದಾ ನೋಡ್ಬೇಕಾಕ್ಕೈತಿ ಅಂದ್ರು. ಅಕಿಗೆ ಎಪ್ಪತ್ತಾರು ಮೇಡಂ. ಶುಗರ್ ಬ್ಯಾರೆ.”

“ಸಿಡಿ ಇತ್ತಲ್ಲ?”

“ಉಪ್ಪಲ್‌ಗೆ ಮನಿ ಬದ್ಲಿ ಮಾಡುವಾಗ ಎಲ್ಲಿ ಹೋತೋ.”

“ಯಾವಾಗ ಮಾಡ್ಸಿದ್ದು?”

“ಹತ್ತೊಂಬತ್ತರಾಗ್ರಿ. ದೀಪಾವಳಿ ಮುಂದ.”

ಮಾರ್ಚ್‌ವರೆಗೆ ಮಾತ್ರ ಕಾಪಿ.

“ಸಿಗ್ತೈತೆಲ್ರಿ?”

“ಮಶೀನ್ ಏಳ್ಲಿ, ನೋಡೂಣು,” ಅಂದೆ. ಪೂರ್ತಿ ಹೇಳಬೇಕಿತ್ತೋ? ಅವನು ಆಗಲೇ ಪ್ಯಾನಲ್ ಕಡೆ ಹೋಗಿದ್ದ. ಬೆಳಿಗ್ಗೆ ಒಂದು ತಾಸು ಮೊದಲು ಹೇಳಿದ್ದರೆ ಅದೊಂದನ್ನೇ ತೆಗೆದಿಡಬಹುದಿತ್ತು. ಅವನಿಗೇ ತಿಳಿದಿರಲಿಲ್ಲ. ಹೀಗೆ ಲೆಕ್ಕ ಹಾಕುವುದರಿಂದ ಏನು ಬಂತು.

ಅದೇ ದಿನ, ಮೂರೂವರೆ

ಸರ್ವರ್ ರೂಮಿನ ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ಕೈಗೆ ಪೆನ್ನು ಕೊಟ್ಟಿದ್ದೇನೆ, ಬೇರೇನೂ ಮುಟ್ಟಬಾರದೆಂದು.

ಕರೆಂಟು ಬಂತು. ನೆಟ್‌ವರ್ಕ್ ಹಚ್ಚಿದೆ. ಡಿಸ್ಕ್ ಪೆಟ್ಟಿಗೆ ಹಚ್ಚಿದೆ. ಎಲ್ಲ ತಿರುಗಿ ಹದಕ್ಕೆ ಬರಲು ಸಮಯ ಬೇಕು. ಅಷ್ಟರಲ್ಲಿ ಹೊರಗಿನಿಂದ ಎಲೆಕ್ಟ್ರಿಷಿಯನ್ ಕರೆದ, ಯುಪಿಎಸ್ ಕೂಗುತ್ತಿದೆಯೆಂದು. ಹೋದೆ. ಬಾಗಿಲು ಹಾಕಲಿಲ್ಲ.

ತಿರುಗಿ ಬಂದರೆ ಸಾವಿತ್ರಿಬಾಯಿ, ಕೈಯಲ್ಲಿ ಆರತಿ ತಟ್ಟೆ. ಕಂಟ್ರೋಲರಿನ ಗುಂಡಿಯ ಮೇಲೆ ಹೊಸ ಕುಂಕುಮ. ಫ್ಯಾನು ತಿರುಗುವ ಸದ್ದು — ಮೇಲಿನ ಪೆಟ್ಟಿಗೆಯದು.

ಪರದೆಯ ಮೇಲೆ ಸಂದೇಶ ಬಂದೇಬಿಟ್ಟಿತು: ಹಿಂದಿದ್ದ ಡಿಸ್ಕ್‌ಗಳು ಯಾವುವೂ ಕಾಣುತ್ತಿಲ್ಲ. ಮುಂದುವರಿಯಲು ಯಾವುದಾದರೂ ಕೀ ಒತ್ತಿ.

ಹಿಂದೆ ಡಾಕ್ಟರು, ಅವರ ಹಿಂದೆ ಸೂರ್ಯಕಾಂತ.

“ಒತ್ತು ಅನ್ನಾಕತ್ತದಲ್ಲ. ಒತ್ತು,” ಅಂದರು ಡಾಕ್ಟರು.

“ಒತ್ತಿದ್ರ ಡಿಸ್ಕ್ ಇಲ್ಲಂತ ಒಪ್ಪಿಕೊಂಡಂಗ ಆಕ್ಕೈತ್ರಿ. ಹಳೇ ಜೋಡಣಿ ಮರತು ಮುಂದ ಹೋಗ್ತೈತಿ.”

“ಸುಮ್ನ ನಿಂತ್ರ?”

ಉತ್ತರ ಗೊತ್ತಿತ್ತು: ಇದನ್ನು ಆರಿಸಿ, ಡಿಸ್ಕ್‌ಗಳು ಏಳುವವರೆಗೆ ಕಾಯಬೇಕು. ಆದರೂ ಕೈ ಕೀಬೋರ್ಡಿನತ್ತ ಹೋಗುತ್ತಿತ್ತು. ಇಷ್ಟು ಜನ ನಿಂತು ನೋಡುವಾಗ ಏನಾದರೂ ಮಾಡಬೇಕು ಅನಿಸುತ್ತದೆ. ಕೀಬೋರ್ಡಿನ ವಯರು ಕಿತ್ತೆ. ಕುಂಕುಮದ ಗುಂಡಿಯನ್ನು ಒತ್ತಿ ಹಿಡಿದೆ, ಕಂಟ್ರೋಲರ್ ಪೂರ್ತಿ ಆರುವವರೆಗೆ. ಬೆರಳು ಕೆಂಪಾಯಿತು.

“ನಾ ಪ್ರತಿ ವರ್ಷ ಒತ್ತೀನಲ್ಲವ್ವಾ...” ಅಂದರು ಸಾವಿತ್ರಿಬಾಯಿ.

“ನಿಮ್ದೇನಿಲ್ಲರಿ. ಕಾಯಿ ಹೊರಗ ಒಡೀರಿ, ಒಳಗ ನೀರು ಬ್ಯಾಡ.” ಧ್ವನಿ ಬಿರುಸಾಯಿತೇನೋ.

ಈಗ ಕೆಳಗಿನ ಪೆಟ್ಟಿಗೆ ಮಾತ್ರ ಓಡುತ್ತಿದೆ. ಹತ್ತು ಹಸಿರು. ಹಳದಿಯಿದ್ದದ್ದು ಕಪ್ಪಾಗಿದೆ — ಅದು ಹೋಯಿತು. ಏಳನೆಯದು ಮಿಣುಕುತ್ತಿದೆ. ಸ್ಥಿರವಾದರೆ ಹನ್ನೊಂದು, ಸಾಕು. ಆರಿದರೆ...

ತೆಗೆದು ಮತ್ತೆ ಹಾಕಲೇ? ಬೇಡ. ಹಾಗೆ ಮಾಡಿ ಕೆಡಿಸಿದವರನ್ನು ನೋಡಿದ್ದೇನೆ.

ಸೂರ್ಯಕಾಂತ ಬಾಗಿಲಲ್ಲೇ ನಿಂತಿದ್ದಾನೆ. ಅವನಿಗೆ ಎಲ್ಲ ಹೇಳಿಬಿಟ್ಟೆ, ಮಾರ್ಚ್‌ವರೆಗಿನದನ್ನೂ. “ಆತ್ರಿ,” ಅಂದ. ಕೂರಲಿಲ್ಲ.

ಏಳನೆಯದು ಇನ್ನೂ ಮಿಣುಕುತ್ತಿದೆ.

ಅದೇ ದಿನ, ಸಂಜೆ

ಬಂತು. ಎಷ್ಟು ಹೊತ್ತು ಕಾದೆವೋ ನೋಡಲಿಲ್ಲ. ಮಿಣುಕು ನಿಂತು ಹಸಿರಾಯಿತು. ಇನ್ನಷ್ಟು ಕಾದು ಕಂಟ್ರೋಲರ್ ಹಚ್ಚಿದೆ. ಹನ್ನೊಂದನ್ನು ಎಣಿಸಿಕೊಂಡಿತು, ಸತ್ತದ್ದನ್ನು ಬದಿಗಿಟ್ಟಿತು. ಈಗ ಒಳಗಿನದೆಲ್ಲ ಸರಿಯಿದೆಯೇ ಅಂತ ತಾನೇ ತಪಾಸಣೆ ನಡೆಸಿದೆ. ಬೆಳಿಗ್ಗೆವರೆಗೆ ನಡೆಯುತ್ತದೆ. ಅದು ಮುಗಿಯದೆ ಒಂದು ಚಿತ್ರವನ್ನೂ ತೆರೆಯುವಂತಿಲ್ಲ. ಪೆಟ್ಟಿಗೆ ಎದ್ದಿದೆ. ಒಳಗೆ ಏನು ಉಳಿದಿದೆಯೋ.

ಸಾವಿತ್ರಿಬಾಯಿ ಮನೆಗೆ ಹೋಗಿರಲಿಲ್ಲ. ರಿಸೆಪ್ಷನ್ನಿನಲ್ಲಿ ಒಬ್ಬರೇ ಕೂತಿದ್ದರು. ಪಕ್ಕದಲ್ಲಿ ಕೂತೆ. ಕೊಬ್ಬರಿ ಚೂರು ಕೈಗಿಟ್ಟರು.

“ನೀ ಬರೇ ಟಿವಿ ಆರಿಸ್ತಿದ್ದಿ. ನಂಗ ಗೊತ್ತಿತ್ತು.”

ಕೊಬ್ಬರಿ ಬಾಯಿಗೆ ಹಾಕಿಕೊಂಡೆ.

“ಕೆಳಗ ದೀಪ ಮಿಣಿಮಿಣಿ ಅಂತಿದ್ವಲ್ಲ, ಕಣ್ಣಿಲ್ಲೇನು ನಂಗ? ಕೆಲಸದಾಕಿ, ಆಕೀಗೂ ಏನರ ಕಷ್ಟ ಇದ್ದೀತು ಅಂತ ಸುಮ್ನಿದ್ದೆ.” ತಟ್ಟೆಯ ಅಂಚು ಸವರಿದರು. “ಇವತ್ತ ಬಂದು ನೋಡ್ತೀನಿ, ಮ್ಯಾಲಿನ ಪೆಟಗಿ ಖರೇನ ಮಲಗಿತ್ತು. ಇಷ್ಟು ವರ್ಷಕ್ಕ ಇದೊಂದರ ನಾನ ಎಬ್ಬಸ್ತೀನಿ ಅನಿಸ್ತು.”

ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ ಅಂತ ವರ್ಷವರ್ಷ ಕಲಿಸಿದವಳು ನಾನೇ ಅಲ್ಲವೇ?

ಅಕ್ಟೋಬರ್ 2, ಗುರುವಾರ

ದಸರಾ. ರಸ್ತೆ ಖಾಲಿ. ನಾರಾಯಣಗೂಡ ದಾಟುವಾಗ ಒಂದು ಸಿಗ್ನಲ್ಲೂ ಹಿಡಿಯಲಿಲ್ಲ.

ತಪಾಸಣೆ ಮುಗಿದಿತ್ತು. ಡೇಟಾಬೇಸ್ ಹಚ್ಚಿದೆ. ಕಾದೆ. ಸ್ಕ್ಯಾನ್ ಸರ್ವರ್ ಹಚ್ಚಿದೆ. ಕಾದೆ. ಡಾಕ್ಟರ ರೂಮಿನ ಕಂಪ್ಯೂಟರ್ ಕೊನೆಗೆ. ಡಾಕ್ಟರು ಮನೆಯ ಲುಂಗಿಯಲ್ಲೇ ಬಂದಿದ್ದರು, ಹೋದ ವಾರದ ಸ್ಕ್ಯಾನಿನ ಸಿಡಿ ಸೂರ್ಯಕಾಂತನ ಕೈಯಲ್ಲಿ.

ಹೆಸರು ಟೈಪ್ ಮಾಡಿದೆ. 2019, ಅಕ್ಟೋಬರ್. ಹೆಸರು ಬಂತು. ಹೆಸರು ಬ್ಯಾಕಪ್ಪಿನಲ್ಲೂ ಬಂದಿತ್ತು. ಒತ್ತಿದೆ.

ಕಪ್ಪು. ಕಪ್ಪು... ಆಮೇಲೆ ಬೂದು ಬಣ್ಣದ ಒಂದು ದುಂಡು, ಅದರೊಳಗೆ ಮಡಿಕೆ ಮಡಿಕೆ. ಸೂರ್ಯಕಾಂತ ಮುಖ ಬೇರೆ ಕಡೆ ತಿರುಗಿಸಿದ.

ಡಾಕ್ಟರು ಎರಡನ್ನೂ ಅಕ್ಕಪಕ್ಕ ಇಟ್ಟರು. ಅಳೆದರು. ಕನ್ನಡಕ ಒರೆಸಿಕೊಂಡು ಮತ್ತೆ ಅಳೆದರು. ಅಡ್ಡ, ಉದ್ದ. ನಾನು ಅವರ ಬೆರಳನ್ನೇ ನೋಡುತ್ತಿದ್ದೆ.

“ಸೂರ್ಯಾ, ಅವ್ವಗ ಉಪವಾಸ ಹೇಳೀಯೇನು?”

“ಇವತ್ತ ರಾತ್ರಿಯಿಂದ ಅಂದಾರ್ರಿ.”

“ಹೋಳಿಗಿ ತಿನ್ನಾಕ ಹೇಳು. ಶುಗರ್ ಅಂತ, ಒಂದ ಸಾಕು. ಆರು ವರ್ಷದಿಂದ ಇದು ಇದ್ದಲ್ಲೇ ಐತಿ, ಇದ್ದಷ್ಟೇ ಐತಿ. ಆ ಡಾಕ್ಟರ್ ಕೂಡ ನಾನ ಮಾತಾಡ್ತೀನಿ.”

ಸೂರ್ಯಕಾಂತ ಫೋನ್ ತೆಗೆದ. ನಂಬರು ಹಚ್ಚಿದ. ನೀವ ಹೇಳ್ರಿ ಅಂತ ನನ್ನ ಕೈಗೆ ಕೊಟ್ಟುಬಿಟ್ಟ. ಆ ಕಡೆ ರಿಂಗ್ ಆಗುತ್ತಿತ್ತು. ನಾನು ತುಳಸಾಬಾಯಿಯವರನ್ನು ಒಮ್ಮೆಯೂ ಕಂಡವಳಲ್ಲ, ತಲೆಯ ಒಳಗನ್ನು ಮಾತ್ರ ಈಗಷ್ಟೇ ನೋಡಿದ್ದೆ. ಏನಂತ ಶುರು ಮಾಡಲಿ ಅನ್ನುವಷ್ಟರಲ್ಲಿ, “ಯಾರ್ರೀ?” ಅಂದರು. “ಅವ್ವಾರ, ಉಪವಾಸ ಬ್ಯಾಡ, ಒಂದು ಹೋಳಿಗಿ ತಿನ್ರಿ,” ಅಂದೆ.